ಫೋನಿನೊಳಗಿನ ದಾಳ: ಲೂಡೋಗೆ ಸಾಕು, ಚೌಕಾಬಾರಕ್ಕೆ ಸ್ವಲ್ಪ ಲೆಕ್ಕ ಬೇಕು

ಲೂಡೋ ಡಬ್ಬಿಯಿಂದ ಮೊದಲು ಕಾಣೆಯಾಗುವುದು ದಾಳವೇ. ಕಾಯಿ ಕಳೆದರೆ ಅಂಗಿಯ ಗುಂಡಿ ಇಟ್ಟು ಆಡಬಹುದು, ಹುಣಸೆಬೀಜ ಇಟ್ಟು ಆಡಬಹುದು. ದಾಳ ಸೋಫಾದಡಿ ಸೇರಿತೆಂದರೆ ಆಟ ಅಲ್ಲಿಗೇ ನಿಂತಿತು. ಆಗ ಎಲ್ಲರ ಕೈ ಹೋಗುವುದು ಫೋನಿಗೆ. ಫೋನಿನಲ್ಲಿ ದಾಳ ಉರುಳಿಸುವ ದಾರಿಗಳು ಬೇಕಾದಷ್ಟಿವೆ. ಇಲ್ಲಿ ತೂಗಿ ನೋಡಿರುವುದು ನಾಲ್ಕನ್ನು: ಗೂಗಲ್ ಹುಡುಕಾಟದೊಳಗೇ ಇರುವ ದಾಳ, ರ‍್ಯಾಂಡಮ್ ಡಾಟ್ ಆರ್ಗ್ ಜಾಲತಾಣದ ದಾಳ, ಟೆಲಿಗ್ರಾಂನ ದಾಳದ ಇಮೋಜಿ, ಮತ್ತೆ ನಾವೇ ಸ್ಪ್ರೆಡ್‌ಶೀಟ್‌ನಲ್ಲಿ ಮಾಡಿಕೊಳ್ಳುವ ದಾಳ. ನಾಲ್ಕಕ್ಕೂ ಕಾಸು ಕೊಡಬೇಕಾಗಿಲ್ಲ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಅಂಕಿ ಬೀಳುವ ವಿಷಯದಲ್ಲಿ ನಾಲ್ಕನ್ನೂ ನಂಬಬಹುದು. ಜಗಳ ಹುಟ್ಟುವ ಜಾಗವೇ ಬೇರೆ: ಬಿದ್ದ ಗರವನ್ನು ಯಾರು ಯಾರು ಕಂಡರು, ಮೊತ್ತ ಕೂಡಿದ್ದು ಯಾರು, ಆ ಆಟಕ್ಕೆ ನಿಜಕ್ಕೂ ಆರು ಮುಖದ ದಾಳವೇ ಬೇಕಿತ್ತೇ. ಇದನ್ನು ನೋಡಿಕೊಂಡು ಆರಿಸಿದರೆ ಪುಕ್ಕಟೆ ದಾಳವೂ ಒಳ್ಳೆಯ ದಾಳ.

ಗೂಗಲ್ ದಾಳ ತೆರೆಯಲು ಹುಡುಕಾಟದಲ್ಲಿ ಇಂಗ್ಲಿಷಿನಲ್ಲಿ ‘ರೋಲ್ ಡೈಸ್’ ಎಂದು ಟೈಪಿಸಿದರೆ ಸಾಕು. ಫಲಿತಾಂಶಗಳ ಮೇಲೆಯೇ ದಾಳ ಬರುತ್ತದೆ. ಕೆಳಗೆ 4, 6, 8, 10, 12, 20 ಮುಖಗಳ ಆರು ಬಗೆಯ ದಾಳದ ಗುಂಡಿಗಳಿರುತ್ತವೆ. ಯಾವುದನ್ನು ಒತ್ತುತ್ತೀರೋ ಆ ದಾಳ ಒಂದೊಂದಾಗಿ ಸೇರಿಕೊಳ್ಳುತ್ತದೆ. ಬೇಡವಾದ ದಾಳದ ಮೇಲೆ ಬೆರಳಿಟ್ಟರೆ ಹೊರಗೆ ಹೋಗುತ್ತದೆ. ಮೊತ್ತಕ್ಕೆ ಒಂದು ಅಂಕಿ ಕೂಡಿಸುವ, ಕಳೆಯುವ ಸೌಲಭ್ಯವೂ ಇದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ಆಡುವ ಕಥೆಯಾಟದವರು ‘3ಡಿ6+2’ ಎಂದು ಬರೆದುಕೊಳ್ಳುವುದು ಇದನ್ನೇ: ಆರು ಮುಖದ ಮೂರು ದಾಳ ಉರುಳಿಸಿ, ಬಂದ ಮೊತ್ತಕ್ಕೆ ಎರಡು ಸೇರಿಸು. ಆ ಆಟದವರಿಗೆ ಆರು ಬಗೆಯ ದಾಳದ ಒಂದು ಸೆಟ್ಟನ್ನೇ ಇದು ಉಳಿಸಿಕೊಡುತ್ತದೆ.

ಮನೆಯ ಲೂಡೋಗೆ, ಹಾವು-ಏಣಿಗೆ ಇದಕ್ಕಿಂತ ಬೇಗ ಸಿಗುವ ದಾಳ ಇನ್ನೊಂದಿಲ್ಲ. ಆದರೆ ಇದಕ್ಕೆ ನೆನಪಿಲ್ಲ. ಹಿಂದಿನ ಗರ ಏನಾಗಿತ್ತು ಎಂದು ತೋರಿಸುವ ಪಟ್ಟಿ ಇಲ್ಲ. ಬೆರಳು ಎರಡು ಸಲ ತಗುಲಿತೆಂದರೆ ಮೊದಲು ಬಿದ್ದ ಆರು ಮಾಯವಾಗಿ ಅದರ ಜಾಗದಲ್ಲಿ ಎರಡು ನಿಂತಿರುತ್ತದೆ. ‘ನಂಗೆ ಆರು ಬಿದ್ದಿತ್ತು, ಆಣೆಗೂ!’ ಎಂದು ಮಗು ಕೂಗಿದರೆ ಸಾಕ್ಷಿ ಯಾರೂ ಇಲ್ಲ. ಇದಕ್ಕೆ ಒಂದು ಸಣ್ಣ ಕಟ್ಟಳೆ ಸಾಕು: ಫೋನು ಮಣೆಯ ಪಕ್ಕ ನೆಲದ ಮೇಲೆ ಮಲಗಿರಬೇಕು, ಯಾರೂ ಕೈಯಲ್ಲಿ ಹಿಡಿಯಬಾರದು, ಉರುಳಿಸಿದವರು ಬೆರಳು ತೆಗೆಯಬೇಕು, ಗರವನ್ನು ಗಟ್ಟಿಯಾಗಿ ಓದುವವರು ಮುಂದಿನ ಸರದಿಯವರು. ಮರದ ದಾಳ ನೆಲಕ್ಕೆ ಬಿದ್ದ ಸದ್ದಿಗೆ ಎಲ್ಲರ ಕಣ್ಣೂ ತಾನಾಗಿ ಅತ್ತ ತಿರುಗುತ್ತದೆ. ಫೋನಿನ ದಾಳಕ್ಕೆ ಆ ಕೆಲಸವನ್ನು ನಾವೇ ಮಾಡಬೇಕು.

ರ‍್ಯಾಂಡಮ್ ಡಾಟ್ ಆರ್ಗ್ ಹಳೆಯ ತಾಣ. 1998ರಲ್ಲಿ ಶುರುವಾದದ್ದು, ಮಾಡಿದವರು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಮ್ಯಾಡ್ಸ್ ಹಾರ್. ಕಂಪ್ಯೂಟರಿನ ಸೂತ್ರದಿಂದ ಅಂಕಿ ಹುಟ್ಟಿಸುವ ಬದಲು ವಾತಾವರಣದಲ್ಲಿ ರೇಡಿಯೋಗೆ ಕೇಳಿಸುವ ಗರಗರ ಸದ್ದನ್ನು ಹಿಡಿದು ಅದರಿಂದ ಅಂಕಿ ತೆಗೆಯುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಹಾವು-ಏಣಿಯಲ್ಲಿ ಇದರಿಂದ ಹಾವು ಒಂದಿಷ್ಟೂ ಕಡಿಮೆ ಕಚ್ಚುವುದಿಲ್ಲ. ಸೂತ್ರದ ದಾಳವೂ ಆಟಕ್ಕೆ ಬೇಕಾದಷ್ಟು ಚೆನ್ನಾಗಿಯೇ ಕಲೆಸುತ್ತದೆ. ಈ ತಾಣವನ್ನು ಮೆಚ್ಚಲು ಕಾರಣ ಬೇರೆ. ಬಿದ್ದ ದಾಳಗಳ ಜೊತೆ ಉರುಳಿಸಿದ ಸಮಯವನ್ನೂ ಮುದ್ರಿಸುತ್ತದೆ, ಜಾಗತಿಕ ಸಮಯದಲ್ಲಿ. ನಮ್ಮ ಸಮಯ ಬೇಕೆಂದರೆ ಅದಕ್ಕೆ ಐದೂವರೆ ಗಂಟೆ ಸೇರಿಸಿಕೊಳ್ಳಬೇಕು. ಸಂಘದ ಚೀಟಿಯಲ್ಲಿ ಯಾರ ಸರದಿ ಮೊದಲು ಎಂದು ತೀರ್ಮಾನಿಸಿ ಸ್ಕ್ರೀನ್‌ಶಾಟ್ ಹಾಕುವವರಿಗೆ ಈ ಮುದ್ರೆ ಬೇಕಾಗುತ್ತದೆ. ಎಡಗಡೆಯ ದಾಳವೇ ಮೊದಲು ಹುಟ್ಟಿದ್ದು ಎಂದೂ ಪುಟದಲ್ಲಿ ಬರೆದಿರುತ್ತದೆ. ಇದು ತರಗತಿಯಲ್ಲಿ ಎಷ್ಟು ಉಪಯೋಗ ಎಂಬುದು ಮುಂದೆ ಬರುತ್ತದೆ. ಕೊರತೆ ಎಂದರೆ ವೇಗ. ಪ್ರತಿ ಸಲವೂ ಪುಟ ಹೊಸದಾಗಿ ಬರಬೇಕು, ನೆಟ್ ನಿಧಾನವಿದ್ದರೆ ಸರದಿಯೂ ನಿಧಾನ. ಕೈತಪ್ಪಿ ಪುಟ ರಿಫ್ರೆಶ್ ಆದರೆ ಹಳೆಯ ಗರ ಹೋಗಿ ಹೊಸದು ಬಂದಿರುತ್ತದೆ.

ಅಜ್ಜಿ ಶಿರಸಿಯಲ್ಲಿ, ಮೊಮ್ಮಗಳು ಹೊರದೇಶದಲ್ಲಿ, ಎರಡೂ ಕಡೆ ಒಂದೊಂದು ಮಣೆ ಇಟ್ಟುಕೊಂಡು ವಿಡಿಯೋ ಕಾಲಿನಲ್ಲಿ ಆಡುವುದಾದರೆ ಟೆಲಿಗ್ರಾಂ ಗೆಲ್ಲುತ್ತದೆ. 2020ರಿಂದ ಅದರಲ್ಲಿ ದಾಳದ ಇಮೋಜಿಯನ್ನು ಒಂದೇ ಕಳಿಸಿದರೆ ಅದು ಉರುಳಿ ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ಅಂಕಿಯನ್ನು ನಿರ್ಧರಿಸುವುದು ಅವರ ಸರ್ವರ್, ಕಳಿಸಿದವರ ಫೋನಲ್ಲ. ಇಬ್ಬರಿಗೂ ಕಾಣುವುದು ಒಂದೇ ಗರ, ಅದೂ ಸಾಲಾಗಿ ಉಳಿದಿರುತ್ತದೆ. ಇಮೋಜಿಯ ಜೊತೆ ಒಂದಕ್ಷರ ಸೇರಿಸಿದರೂ ಅದು ಬರೀ ಚಿತ್ರವಾಗಿ ಹೋಗುತ್ತದೆ, ಉರುಳುವುದಿಲ್ಲ. ಮೆಸೇಜನ್ನು ಅಳಿಸಿ ಇನ್ನೊಮ್ಮೆ ಕಳಿಸುವ ಕಳ್ಳಾಟಕ್ಕೆ ದಾರಿ ಇದೆ, ಹಾಗಾಗಿ ಅಳಿಸಿದವರ ಸರದಿ ಹೋಯಿತು ಎಂದು ಮೊದಲೇ ಮಾತಾಡಿಕೊಳ್ಳಿ. ವಾಟ್ಸಾಪಿನ ದಾಳದ ಇಮೋಜಿ ಬರೀ ಚಿತ್ರ, ಅದನ್ನು ಕಳಿಸಿ ಕಾಯುತ್ತ ಕೂರಬೇಡಿ. ಚಾಟ್‌ಬಾಟ್‌ಗೆ ‘ಒಂದು ದಾಳ ಹಾಕು’ ಎಂದು ಕೇಳುವ ಹೊಸ ಚಾಳಿಯೂ ಬಂದಿದೆ. ತೆರೆಮರೆಯಲ್ಲಿ ಪ್ರೋಗ್ರಾಮ್ ಓಡಿಸದೆ ಬರೀ ಮಾತಿನಲ್ಲೇ ಅದು ಕೊಡುವ ಅಂಕಿ, ‘ಒಂದು ಅಂಕಿ ನೆನೆಸಿಕೋ’ ಎಂದಾಗ ಮನುಷ್ಯರು ಹೇಳುವ ಅಂಕಿಯ ಹಾಗೆಯೇ. ಅದನ್ನು ದಾಳವೆಂದು ಕರೆಯಲಾಗದು.

ನಮ್ಮ ಆಟಗಳಿಗೆ ಬಂದಾಗ ಈ ಎಲ್ಲ ದಾಳಗಳೂ ಮುಗ್ಗರಿಸುತ್ತವೆ. ಐದು ಮನೆ ಉದ್ದ, ಐದು ಮನೆ ಅಗಲದ ಚೌಕಾಬಾರಕ್ಕೆ ಬೇಕಾದದ್ದು ನಾಲ್ಕು ಕವಡೆ, ಇಲ್ಲವೇ ಒಂದು ಬದಿ ಬೆಳ್ಳಗಾಗುವಂತೆ ತೇಯ್ದ ನಾಲ್ಕು ಹುಣಸೆಬೀಜ. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಭಾರ, ಅಂದರೆ ಎಂಟು. ಎಂಟಿದೆಯಲ್ಲ ಎಂದು ಎಂಟು ಮುಖದ ದಾಳ ತೆಗೆದುಕೊಂಡರೆ ಆಟ ಕೆಟ್ಟಿತು: ಚೌಕಾಬಾರದಲ್ಲಿ ಐದು, ಆರು, ಏಳು ಇಲ್ಲವೇ ಇಲ್ಲ. ನಾಲ್ಕು ಮುಖದ ದಾಳವೂ ಸರಿಹೋಗದು, ನಾಲ್ಕು ಸಲಕ್ಕೊಮ್ಮೆ ಚೌಕ ಬೀಳುತ್ತಿದ್ದರೆ ಅದಕ್ಕೆ ಬೆಲೆ ಏನು?

ಸರಿಯಾದ ದಾರಿ ಹೀಗಿದೆ. ಆರು ಮುಖದ ನಾಲ್ಕು ದಾಳಗಳನ್ನು ಒಟ್ಟಿಗೆ ಉರುಳಿಸಿ. ಅಂಕಿಗಳನ್ನು ಮರೆತು, ಎಷ್ಟರಲ್ಲಿ ಸಮಸಂಖ್ಯೆ ಬಿತ್ತು ಎಂದಷ್ಟೇ ಎಣಿಸಿ. ಸಮ ಎಂದರೆ ಬಾಯಿ ಮೇಲೆ, ಬೆಸ ಎಂದರೆ ಬೋರಲು. ಉದಾಹರಣೆಗೆ 3, 6, 1, 4 ಬಿದ್ದರೆ ಎರಡು ಸಮ, ಎರಡು ಮನೆ. 5, 1, 3, 3 ಬಿದ್ದರೆ ಸಮ ಒಂದೂ ಇಲ್ಲ, ಭಾರ, ಎಂಟು ಮನೆ ಓಡಿ ಇನ್ನೊಂದು ಆಟ. ಹದಿನಾರು ಸಲದಲ್ಲಿ ಸರಾಸರಿ ನಾಲ್ಕು ಸಲ ಒಂದು, ಆರು ಸಲ ಎರಡು, ನಾಲ್ಕು ಸಲ ಮೂರು, ಒಂದು ಸಲ ಚೌಕ, ಒಂದು ಸಲ ಭಾರ ಬೀಳುವ ಲೆಕ್ಕ ಇದು. ಎರಡು ಎಲ್ಲಕ್ಕಿಂತ ಹೆಚ್ಚು, ಚೌಕ-ಭಾರ ಅಪರೂಪ. ಮಣೆಯ ಮುಂದೆ ಕೂತು ಬೆಳೆದವರಿಗೆ ಈ ಲೆಕ್ಕ ಕೈಗೇ ಗೊತ್ತಿರುತ್ತದೆ: ಎದುರಾಳಿಯ ಕಾಯಿಗೆ ಎರಡು ಮನೆ ಮುಂದೆ ನಿಲ್ಲಬೇಡ, ಹೊಡೆಸಿಕೊಳ್ಳುತ್ತೀಯ ಎಂದು ಹಿರಿಯರು ಗದರುವುದು ಇದಕ್ಕೇ.

ಒಂದು ತಿದ್ದುಪಡಿ. ನಿಜವಾದ ಕವಡೆ ನಾಣ್ಯದ ಹಾಗೆ ಸರಿಸಮ ಬೀಳಬೇಕೆಂದೇನಿಲ್ಲ, ಅದರ ಉಬ್ಬು, ತೂಕ, ಬೀಳುವ ನೆಲ ಎಲ್ಲವೂ ಸೇರುತ್ತವೆ. ನಿಮ್ಮ ಕವಡೆಯನ್ನೇ ಅನುಕರಿಸಬೇಕೆಂದರೆ ಅವನ್ನು ಇಪ್ಪತ್ತೈದು ಸಲ ಎಸೆದು, ಒಟ್ಟು ನೂರರಲ್ಲಿ ಎಷ್ಟು ಬಾಯಿ ಮೇಲಾಗಿ ಬಿದ್ದವು ಎಂದು ಬರೆದುಕೊಳ್ಳಿ. ಐವತ್ತರ ಆಸುಪಾಸಾದರೆ ಸಮ-ಬೆಸ ಸಾಕು. ಮೂವತ್ತಮೂರರ ಹತ್ತಿರವಾದರೆ 1 ಮತ್ತು 2 ಬಿದ್ದದ್ದನ್ನು ಮಾತ್ರ ಬಾಯಿ ಮೇಲೆ ಎಂದು ಎಣಿಸಿ.

ಪಗಡೆಯ ಕಥೆ ಇನ್ನೂ ಸ್ವಾರಸ್ಯದ್ದು. ಪಗಡೆಯ ದಾಳ ಉದ್ದನೆಯ ಕೋಲಿನಂಥದ್ದು, ಬದಿ ನಾಲ್ಕೇ. 1, 3, 4, 6 ಗುರುತಿನ ಜೋಡಿ ದಾಳವಿದ್ದರೆ ಮೊತ್ತದಲ್ಲಿ ಮೂರು ಮತ್ತು ಹನ್ನೊಂದು ಎಂದೂ ಬೀಳುವುದಿಲ್ಲ. ಹನ್ನೆರಡು ಹದಿನಾರಕ್ಕೊಮ್ಮೆ ಬೀಳುತ್ತದೆ. ಅದೇ ಲೂಡೋದ ಎರಡು ದಾಳ ಹಾಕಿದರೆ ಹನ್ನೆರಡು ಮೂವತ್ತಾರಕ್ಕೊಮ್ಮೆ. ಅಂದರೆ ಪಗಡೆಯ ಹಾಸಿನ ಮೇಲೆ ಲೂಡೋ ದಾಳ ಉರುಳಿಸುವವರು ದೊಡ್ಡ ಗರವನ್ನು ಅರ್ಧಕ್ಕಿಂತ ಕಡಿಮೆ ಮಾಡಿಕೊಂಡಿರುತ್ತಾರೆ; ಶಕುನಿಯೇ ಬಂದರೂ ತಲೆ ಕೆರೆದುಕೊಳ್ಳಬೇಕು. ಗೂಗಲ್‌ನಲ್ಲಿ ನಾಲ್ಕು ಮುಖದ ಎರಡು ದಾಳ ತೆಗೆದುಕೊಂಡು, 1ನ್ನು 1, 2ನ್ನು 3, 3ನ್ನು 4, 4ನ್ನು 6 ಎಂದು ಓದಿಕೊಳ್ಳಿ. ಈ ಪಟ್ಟಿಯನ್ನು ಚೀಟಿಯಲ್ಲಿ ಬರೆದು ಹಾಸಿನ ಪಕ್ಕ ಇಡಿ. ಗೂಗಲ್ ತೋರಿಸುವ ಮೊತ್ತ ಆಗ ತಪ್ಪು ಮೊತ್ತ, ಅದನ್ನು ನೋಡಲೇಬೇಡಿ. ನಿಮ್ಮ ಊರಿನ ದಾಳದ ಗುರುತು ಬೇರೆಯಿದ್ದರೆ ಚೀಟಿಯನ್ನು ಅದಕ್ಕೆ ತಕ್ಕಂತೆ ಬದಲಿಸಿ. ಇಷ್ಟೆಲ್ಲ ಯಾಕೆ ಅನ್ನಿಸಿದರೆ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದಂಥವರು ಹಾಸು, ಕಾಯಿ, ದಾಳ ಎಲ್ಲವನ್ನೂ ಕೈಕುಸುರಿಯಲ್ಲಿ ಮಾಡಿಸುತ್ತಾರೆ. ಪಗಡೆ ಆಡುವ ಮನೆಗೆ ಅದೇ ಒಳ್ಳೆಯದು ಎನ್ನುವುದು ನಮ್ಮ ಅಭಿಪ್ರಾಯ.

ಈಗ ಎಲ್ಲ ಆ್ಯಪ್‌ಗಳ ಮೇಲೂ ಇರುವ ದೂರು: ‘ಇದರಲ್ಲಿ ನಂಗೆ ಆರೇ ಬೀಳಲ್ಲ.’ ಲೆಕ್ಕ ಹಾಕಿ. ಹತ್ತು ಸಲ ಉರುಳಿಸಿದರೂ ಒಂದೂ ಆರು ಬೀಳದಿರುವ ಸಂಭವ ಶೇ. 16. ನಾಲ್ವರು ಲೂಡೋ ಆಡುತ್ತಿದ್ದರೆ, ಹತ್ತು ಸುತ್ತು ಮುಗಿದ ಮೇಲೂ ಒಬ್ಬರಾದರೂ ಕಾಯಿ ಬಿಚ್ಚದೆ ಕೂತಿರುವ ಸಂಭವ ಶೇ. 50ಕ್ಕಿಂತ ಒಂದು ಕೂದಲು ಹೆಚ್ಚು. ಅಂದರೆ ಎರಡು ಆಟಕ್ಕೆ ಒಂದರಲ್ಲಿ ಯಾರೋ ಒಬ್ಬರು ಮುಖ ಊದಿಸಿಕೊಂಡಿರುತ್ತಾರೆ, ಪ್ಲಾಸ್ಟಿಕ್ ದಾಳದಲ್ಲಾದರೂ ಅಷ್ಟೇ. ಪ್ಲಾಸ್ಟಿಕ್ ದಾಳವಾದರೆ ಹಣೆಬರಹ ಎನ್ನುತ್ತಾರೆ, ಫೋನಾದರೆ ಸೆಟ್ಟಿಂಗ್ ಎನ್ನುತ್ತಾರೆ.

ಅನುಮಾನ ನಿಜಕ್ಕೂ ಇದ್ದರೆ ಪರೀಕ್ಷೆ ಸುಲಭ. 60 ಸಲ ಉರುಳಿಸಿ, ಒಂದೊಂದು ಅಂಕಿ ಎಷ್ಟು ಸಲ ಬಿತ್ತು ಎಂದು ಗೀಟು ಹಾಕಿ. ಒಂದೊಂದಕ್ಕೂ ನಿರೀಕ್ಷೆ 10. ಬಂದದ್ದರಿಂದ 10 ಕಳೆದು, ವರ್ಗ ಮಾಡಿ, ಆರನ್ನೂ ಕೂಡಿ, 10ರಿಂದ ಭಾಗಿಸಿ. 7, 12, 9, 14, 8, 10 ಎಂದು ಬಂದಿದ್ದರೆ ವ್ಯತ್ಯಾಸಗಳ ವರ್ಗ 9, 4, 1, 16, 4, 0, ಒಟ್ಟು 34, ಭಾಗಿಸಿದರೆ 3.4. ಈ ಉತ್ತರ 11.07 ದಾಟಿದರೆ ಮಾತ್ರ ಹುಬ್ಬೇರಿಸಬೇಕು. ಒಳ್ಳೆಯ ದಾಳವೂ ನೂರರಲ್ಲಿ ಐದು ಸಲ ಈ ಗೆರೆ ದಾಟುತ್ತದೆ, ಹಾಗಾಗಿ ದಾಟಿದರೆ ಇನ್ನೊಮ್ಮೆ ಮಾಡಿ ನೋಡಿ. 60 ಸಲದ ಪರೀಕ್ಷೆಗೆ ಸಿಕ್ಕಿಬೀಳುವುದು ತೀರಾ ವಕ್ರ ದಾಳ ಮಾತ್ರ. ಸೂಕ್ಷ್ಮ ದೋಷಕ್ಕೆ 600 ಬೇಕು, ಆಗ ನಿರೀಕ್ಷೆಯೂ ಭಾಜಕವೂ 100 ಆಗುತ್ತವೆ. ಅಗ್ಗದ ಪ್ಲಾಸ್ಟಿಕ್ ದಾಳಕ್ಕಾದರೆ ಇಷ್ಟು ಕಷ್ಟವಿಲ್ಲ: ಲೋಟದ ನೀರಿಗೆ ದಾಳ ತೇಲುವವರೆಗೆ ಉಪ್ಪು ಕದಡಿ, ದಾಳವನ್ನು ಬೆರಳಿಂದ ತಿರುಗಿಸಿ ಬಿಡಿ. ಮತ್ತೆ ಮತ್ತೆ ಒಂದೇ ಮುಖ ಮೇಲೆ ಬಂದರೆ ಒಳಗೆ ಗಾಳಿಗುಳ್ಳೆಯಿದೆ, ತೂಕ ಒಂದು ಕಡೆ ವಾಲಿದೆ ಎಂದರ್ಥ.

ನಿಜವಾದ ವಕ್ರ ದಾಳ ಹೆಚ್ಚಾಗಿ ಹುಟ್ಟುವುದು ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳ ಕೈಯಲ್ಲಿ, ತಿಳಿಯದೆ. ಕಂಪ್ಯೂಟರು ತೋಚಿದಂತೆ ಕೊಡುವ, ಸೊನ್ನೆಯಿಂದ ಒಂದರೊಳಗಿನ ದಶಮಾಂಶವನ್ನು 5ರಿಂದ ಗುಣಿಸಿ, ಹತ್ತಿರದ ಪೂರ್ಣಾಂಕಕ್ಕೆ ದುಂಡಾಗಿಸಿ, 1 ಕೂಡಿಸುವುದು ಮೇಲ್ನೋಟಕ್ಕೆ ಸರಿಯೇ. ಒಂದರಿಂದ ಆರರವರೆಗೆ ಎಲ್ಲವೂ ಬೀಳುತ್ತವೆ. ಆದರೆ ದುಂಡಾಗಿಸುವಾಗ ನಡುವಿನ ಅಂಕಿಗಳಿಗೆ ಎರಡೂ ಕಡೆಯಿಂದ ಪಾಲು ಬರುತ್ತದೆ, ತುದಿಯ 1 ಮತ್ತು 6ಕ್ಕೆ ಒಂದೇ ಕಡೆಯಿಂದ. ಹಾಗಾಗಿ 2ರಿಂದ 5ರವರೆಗೆ ಶೇ. 20ರಂತೆ, 1 ಮತ್ತು 6 ಶೇ. 10ರಂತೆ ಬೀಳುತ್ತವೆ. ಲೂಡೋದಲ್ಲಿ ಆರಕ್ಕಾಗಿ ಸರಾಸರಿ ಆರು ಸಲ ಕಾಯುವ ಬದಲು ಹತ್ತು ಸಲ ಕಾಯಬೇಕು. ಈ ದೋಷ 60ರ ಪರೀಕ್ಷೆಯಲ್ಲಿ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ, 600ರಲ್ಲಿ ಸಿಕ್ಕಿಬೀಳುತ್ತದೆ. ಮಾಡಬೇಕಾದದ್ದು 6ರಿಂದ ಗುಣಿಸಿ, ದಶಮಾಂಶ ಭಾಗವನ್ನು ಕತ್ತರಿಸಿ, 1 ಕೂಡಿಸುವುದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇನ್ನೊಂದು ಹಳ್ಳವಿದೆ: ರ‍್ಯಾಂಡಿಂಟ್‌ಗೆ 1, 6 ಕೊಟ್ಟರೆ ಆರು ಸೇರುತ್ತದೆ, ರ‍್ಯಾಂಡ್‌ರೇಂಜ್‌ಗೆ ಅದೇ 1, 6 ಕೊಟ್ಟರೆ ಐದಕ್ಕೇ ನಿಲ್ಲುತ್ತದೆ. ಆರು ಬೀಳದ ದಾಳ ಎಂಬ ದೂರು ಇಲ್ಲಿ ಅಕ್ಷರಶಃ ನಿಜ.

ಪಾಠಕ್ಕೆ ಯಾವುದು? ಒಂದು, ಎರಡನೇ ತರಗತಿಯ ಕೂಡುವ ಲೆಕ್ಕಕ್ಕೆ ಗೂಗಲ್ ದಾಳ ಬೇಡ. ದಾಳ ನಿಂತ ಕೂಡಲೇ ಮೊತ್ತವನ್ನೂ ತೋರಿಸಿಬಿಡುತ್ತದೆ, ಮಗು ಚುಕ್ಕಿ ಎಣಿಸುವುದು ಬಿಟ್ಟು ಉತ್ತರ ಓದುತ್ತದೆ. ಬೇರೆ ಇಲ್ಲವೆಂದರೆ ಪರದೆಯ ಆ ಭಾಗಕ್ಕೆ ಕಾಗದ ಅಂಟಿಸಿ. ರ‍್ಯಾಂಡಮ್ ಡಾಟ್ ಆರ್ಗ್ ಚುಕ್ಕಿಯ ದಾಳದ ಚಿತ್ರ ತೋರಿಸಿ ಸುಮ್ಮನಾಗುತ್ತದೆ, ಕೂಡುವ ಕೆಲಸ ಮಗುವಿನದೇ. ಮಗ್ಗಿಗಾದರೆ ಗೂಗಲ್ಲೇ ಸರಿ: ಇಪ್ಪತ್ತು ಮುಖದ ಒಂದು, ಹತ್ತು ಮುಖದ ಒಂದು ಉರುಳಿಸಿ ಗುಣಿಸಲು ಹೇಳಿ. 17 ಮತ್ತು 8 ಬಿದ್ದರೆ 136. ಅದು ತೋರಿಸುವುದು ಮೊತ್ತವನ್ನೇ ಹೊರತು ಗುಣಲಬ್ಧವನ್ನಲ್ಲ, ನಕಲಿಗೆ ದಾರಿಯಿಲ್ಲ. ಹತ್ತು ಮುಖದ ದಾಳ ಕೆಲವು ಕಡೆ 0ಯಿಂದ 9, ಕೆಲವು ಕಡೆ 1ರಿಂದ 10 ಇರುತ್ತದೆ. ಸ್ಥಾನಬೆಲೆಯ ಆಟಕ್ಕೆ ಬಳಸುವ ಮುಂಚೆ ನಾಲ್ಕಾರು ಸಲ ಉರುಳಿಸಿ ನೋಡಿಕೊಳ್ಳಿ.

ಹತ್ತನೇ ತರಗತಿಯ ಸಂಭವನೀಯತೆಗೆ ಸ್ಪ್ರೆಡ್‌ಶೀಟ್‌ಗಿಂತ ಒಳ್ಳೆಯ ದಾಳವಿಲ್ಲ. ಎರಡು ದಾಳದ ಮೊತ್ತ 2ರಿಂದ 12, ಒಟ್ಟು ಹನ್ನೊಂದು ಉತ್ತರ, ಆದ್ದರಿಂದ ಒಂದೊಂದಕ್ಕೂ ಹನ್ನೊಂದರಲ್ಲಿ ಒಂದು ಪಾಲು ಎಂದು ಬರೆಯುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರಿಗೆ ಬಾಯಲ್ಲಿ ಹೇಳುವ ಬದಲು ಹೀಗೆ ಮಾಡಿಸಿ. ಗೂಗಲ್ ಶೀಟ್ಸ್‌ನ ಹೊಸ ಹಾಳೆಯಲ್ಲಿ 1000 ಸಾಲು ಇರುತ್ತವೆ, ಅಷ್ಟೂ ಬಳಸಿ. ಎ ಮತ್ತು ಬಿ ಕಾಲಂಗಳಲ್ಲಿ ರ‍್ಯಾಂಡ್‌ಬಿಟ್ವೀನ್ ಸೂತ್ರಕ್ಕೆ 1, 6 ಕೊಟ್ಟು ಕೊನೆಯವರೆಗೆ ಎಳೆಯಿರಿ. ಸಿ ಕಾಲಂನಲ್ಲಿ ಎರಡನ್ನೂ ಕೂಡಿಸಿ. ಇ ಕಾಲಂನಲ್ಲಿ 2ರಿಂದ 12ರವರೆಗೆ ಬರೆದು, ಪಕ್ಕದಲ್ಲಿ ಕೌಂಟ್‌ಇಫ್‌ನಿಂದ ಸಿ ಕಾಲಂನಲ್ಲಿ ಒಂದೊಂದು ಎಷ್ಟಿವೆ ಎಂದು ಎಣಿಸಿ, ಸ್ತಂಭಾಲೇಖ ಹಾಕಿ. 2 ಮತ್ತು 12 ಸುಮಾರು 28ರ ಹತ್ತಿರ, 7 ಸುಮಾರು 167ರ ಹತ್ತಿರ ನಿಲ್ಲುತ್ತವೆ. ನಡುವೆ ಗುಡ್ಡದ ಆಕಾರ. ಆಮೇಲೆ ಡಿ ಕಾಲಂನಲ್ಲಿ ಬೇಕೆಂದೇ ತಪ್ಪು ಮಾಡಿಸಿ: ರ‍್ಯಾಂಡ್‌ಬಿಟ್ವೀನ್‌ಗೆ ನೇರವಾಗಿ 2, 12 ಕೊಡಿ, ಅದನ್ನೂ ಎಣಿಸಿ. ಎಲ್ಲವೂ 91ರ ಆಸುಪಾಸು, ಗುಡ್ಡ ಹೋಗಿ ಬಯಲು. ಹನ್ನೊಂದರಲ್ಲಿ ಒಂದು ಎಂದು ಬರೆದ ಮಗುವಿನ ದಾಳ ಇದೇ. ವ್ಯಾಪಾರದ ಆಟಕ್ಕೆ ಮನೆಯಲ್ಲಿ ದಾಳ ಮಾಡಿಕೊಳ್ಳುವವರೂ ಇದೇ ತಪ್ಪು ಮಾಡಿ, ಹನ್ನೆರಡನ್ನು ಇರಬೇಕಾದದ್ದರ ಮೂರು ಪಟ್ಟಿಗಿಂತ ಹೆಚ್ಚು ಬೀಳಿಸಿಕೊಳ್ಳುತ್ತಾರೆ.

ಸ್ಪ್ರೆಡ್‌ಶೀಟ್ ಕಾಟ ಕೊಡುವುದು ಒಂದೇ ವಿಷಯಕ್ಕೆ. ಯಾವುದೋ ಸೆಲ್ಲಿನಲ್ಲಿ ಮಗು ತನ್ನ ಹೆಸರು ಬರೆದರೂ ಸಾವಿರ ಸಾಲಿನ ದಾಳಗಳೆಲ್ಲವೂ ಮತ್ತೆ ಉರುಳುತ್ತವೆ, ಬೋರ್ಡಿನ ಮೇಲೆ ಬರೆದ ಅಂಕಿಗೂ ಪರದೆಗೂ ತಾಳೆಯಾಗುವುದಿಲ್ಲ. ಹಿಡಿದಿಡಬೇಕೆಂದರೆ ಆ ಭಾಗವನ್ನು ಕಾಪಿ ಮಾಡಿ, ಬೆಲೆಗಳನ್ನು ಮಾತ್ರ ಪೇಸ್ಟ್ ಮಾಡಿ. ಕಂಟ್ರೋಲ್, ಶಿಫ್ಟ್, ವಿ ಒಟ್ಟಿಗೆ ಒತ್ತಿದರಾಯಿತು.

ಕಂಪ್ಯೂಟರೇ ಇಲ್ಲದ ತರಗತಿಗೆ ಶಿಕ್ಷಕರ ಒಂದು ಫೋನು, ರ‍್ಯಾಂಡಮ್ ಡಾಟ್ ಆರ್ಗ್ ಸಾಕು. ಎರಡು ದಾಳ ಉರುಳಿಸಿ, ಎಡದ್ದು ಮೊದಲು, ಬಲದ್ದು ಆಮೇಲೆ ಎಂದು ಜೋಡಿಯಾಗಿ ಹೇಳುತ್ತ ಹೋದರೆ (2, 5) ಬೇರೆ, (5, 2) ಬೇರೆ ಎನ್ನುವುದು ಮಕ್ಕಳಿಗೆ ತಾನೇ ಹೊಳೆಯುತ್ತದೆ. ಬೋರ್ಡಿನ ಮೇಲಿನ 36 ಚೌಕದ ಕೋಷ್ಟಕದಲ್ಲಿ ಬಿದ್ದ ಜೋಡಿಗೆ ಗೀಟು ಹಾಕಿಸಿ. ಮನೆಪಾಠವಾಗಿ 40 ಮಕ್ಕಳು ತಲಾ 25 ಸಲ ಒಂದು ದಾಳ ಹಾಕಿ ತಂದರೆ ಒಟ್ಟು ಸಾವಿರ. ಒಂದೊಂದು ಅಂಕಿಯೂ 143ರಿಂದ 190ರೊಳಗೆ ಬಂದರೆ ಆಶ್ಚರ್ಯವಿಲ್ಲ. ಎಲ್ಲವೂ 166, 167 ಎಂದು ನೀಟಾಗಿ ಬಂದಿದ್ದರೆ ಯಾರೂ ದಾಳ ಹಾಕಿಲ್ಲ, ಕೂತು ಬರೆದಿದ್ದಾರೆ ಎಂದು ತಿಳಿಯಿರಿ.

ಪ್ಲೇ ಸ್ಟೋರಿನ ದಾಳದ ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಮೂರು ಸಂಗತಿ ನೋಡಿ. ದಾಳ ಉರುಳಿಸಲು ಸಂಪರ್ಕ ಪಟ್ಟಿ, ಲೊಕೇಶನ್, ಮೈಕ್ ಯಾವುದೂ ಬೇಕಿಲ್ಲ, ಕೇಳಿದರೆ ಅಳಿಸಿ. ಜಾಹೀರಾತು ಉರುಳಿಸುವ ಗುಂಡಿಯ ಪಕ್ಕದಲ್ಲೇ ಇದ್ದರೆ ಮಕ್ಕಳ ಕೈಗೆ ಕೊಡಬೇಡಿ. ಮೂರನೆಯದು, ಏರೋಪ್ಲೇನ್ ಮೋಡ್ ಹಾಕಿ ಒಮ್ಮೆ ಉರುಳಿಸಿ ನೋಡಿ. ಉರುಳಿದರೆ ಪ್ರವಾಸದ ಬಸ್ಸಿನಲ್ಲೂ, ಆಗುಂಬೆ ಘಾಟಿಯ ಸಿಗ್ನಲ್ ಇಲ್ಲದ ತಿರುವಿನಲ್ಲೂ ಆಟ ನಿಲ್ಲುವುದಿಲ್ಲ.